ಪಿಸ್ತೂಲಿನ ಮೈಮೇಲಿನ ಮುದ್ರೆಗಳು ಏನು ಹೇಳುತ್ತವೆ?



ಅಕ್ಕಲಕೋಟೆ ಅರಮನೆಯ ಶಸ್ತ್ರಾಗಾರ ನೋಡಿ ಬಂದ ಮರುದಿನ ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ: "ಸರ್, ಹಳೇ ಬಂದೂಕಿನ ಮ್ಯಾಲೆ ಸಣ್ಣ ಸಣ್ಣ ಅಕ್ಷರ, ನಂಬರ್ ಇರ್ತಾವಲ್ರಿ, ಅವು ಯಾಕ್ರಿ? ಯಾರರೆ ಅವನ್ನ ಅಳಿಸಿ ಬ್ಯಾರೆ ಹಾಕಿದ್ರ ನಮಗ ಹ್ಯಾಂಗ ಗೊತ್ತಾಗ್ತದ್ರಿ?"

ಮೊದಲ ಪ್ರಶ್ನೆ ಇತಿಹಾಸದ್ದು, ಎರಡನೆಯದು ವಿಜ್ಞಾನದ್ದು. ಎರಡಕ್ಕೂ ಉತ್ತರ ಕೊಡುವ ಒಂದು ವಸ್ತು ಇದೆ: ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಪಿಸ್ತೂಲು, ವಾಲ್ಟರ್ ಪಿ-38.

ಹುಟ್ಟಿದ ಕಾರ್ಖಾನೆಯ ಗುರುತು

ಈ ಪಿಸ್ತೂಲನ್ನು ಜರ್ಮನ್ ಸೇನೆ 1938ರಲ್ಲಿ ಒಪ್ಪಿಕೊಂಡಿತು. ಯುದ್ಧ ನಡೆದಾಗ ಕಾರ್ಖಾನೆಯ ಹೆಸರು ಶತ್ರುವಿಗೆ ತಿಳಿಯಬಾರದು ಅಂತ ಹೆಸರಿನ ಬದಲು ಗುಪ್ತ ಅಕ್ಷರ ಒತ್ತುತ್ತಿದ್ದರು. 'ಎಸಿ' ಅಂದ್ರೆ ವಾಲ್ಟರ್, 'ಬಿವೈಎಫ್' ಅಂದ್ರೆ ಮೌಸರ್, 'ಸಿವೈಕ್ಯೂ' ಅಂದ್ರೆ ಸ್ಪ್ರೀವೆರ್ಕ್. ಮೊದಲೆರಡರ ಜೊತೆ 43, 44 ಹೀಗೆ ವರ್ಷದ ಎರಡಂಕಿ ಇರುತ್ತದೆ. ಪರೀಕ್ಷೆ ಮಾಡಿದ ಅಧಿಕಾರಿ ಹದ್ದಿನ ಚಿತ್ರ ಮತ್ತು ತನ್ನ ವಿಭಾಗದ ಸಂಖ್ಯೆ ಒತ್ತುತ್ತಿದ್ದ. ವಾಲ್ಟರ್‌ನಲ್ಲಿ 359, ಮೌಸರ್‌ನಲ್ಲಿ 135, ಸ್ಪ್ರೀವೆರ್ಕ್‌ನಲ್ಲಿ 88. ಮುಖ್ಯ ಭಾಗಗಳಾದ ನಳಿಗೆ, ಚೌಕಟ್ಟು, ಮೇಲಿನ ಜಾರುಭಾಗ ಮೂರರ ಮೇಲೂ ಒಂದೇ ಕ್ರಮಸಂಖ್ಯೆ ಇರುತ್ತಿತ್ತು.

ಒಂದು ಮಾತು ಮರೆಯಬೇಡಿ. ನಾಜಿ ಜರ್ಮನಿಯ ಶಸ್ತ್ರ ಕಾರ್ಖಾನೆಗಳಲ್ಲಿ ಲಕ್ಷಾಂತರ ಜನರನ್ನು ಬಲವಂತವಾಗಿ ದುಡಿಸಿದ್ದರು. ಅಧಿಕಾರಿಯ ಮುದ್ರೆ ಲೋಹದ ಮೇಲೆ ಉಳಿಯಿತು, ದುಡಿದವರ ಹೆಸರು ಎಲ್ಲೂ ಇಲ್ಲ.

ಎರಡನೇ ಜನ್ಮ

1945ರಲ್ಲಿ ಯುದ್ಧ ಮುಗಿಯಿತು, ಆದರೆ ಪಿಸ್ತೂಲುಗಳು ಉಳಿದವು. ಸೋವಿಯತ್ ಸೇನೆ ವಶಪಡಿಸಿಕೊಂಡವನ್ನು ತನ್ನ ಶಸ್ತ್ರಾಗಾರಗಳಿಗೆ ಒಯ್ದು ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ, ಮತ್ತೆ ಜೋಡಿಸಿ ದಾಸ್ತಾನಿಟ್ಟಿತು. ಆಗ ಒಂದರ ಭಾಗ ಇನ್ನೊಂದಕ್ಕೆ ಸೇರಿತು. ಹೊಂದದ ಸಂಖ್ಯೆಯನ್ನು ಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಹೊಸದನ್ನು ವಿದ್ಯುತ್ ಲೇಖನಿಯಿಂದ ಬರೆದರು. ಅದರ ಕಿಡಿ ಲೋಹವನ್ನು ಚುಕ್ಕೆ ಚುಕ್ಕೆಯಾಗಿ ಕರಗಿಸುತ್ತದೆ. ಹಾಗಾಗಿ ಆ ಬರಹ ಕೈಬರಹದ ಹಾಗೆ ಸೊಟ್ಟಗಿರುತ್ತದೆ. ಇಂಥ ಪಿಸ್ತೂಲುಗಳ ಮೇಲೆ ಗುಣಿಸುವ ಚಿಹ್ನೆಯಂಥ ಒಂದು ಗುರುತು ಇರುತ್ತದೆ. ಅದನ್ನು ಕಂಡ ಸಂಗ್ರಹಕಾರರು ಸೋವಿಯತ್ ವಶದಲ್ಲಿದ್ದದ್ದು ಅಂತ ಗುರುತಿಸುತ್ತಾರೆ.

ಮೌಸರ್ ಕಾರ್ಖಾನೆಯಿದ್ದ ಓಬರ್ನ್‌ಡೋರ್ಫ್ ಊರು ಫ್ರೆಂಚರ ಕೈಗೆ ಬಂತು. ಅವರು 1946ರವರೆಗೆ ಅಲ್ಲಿಯೇ ಪಿ-38 ಮಾಡಿಸಿದರು. ಅವುಗಳ ಮೇಲೆ ಐದು ಮೂಲೆಯ ನಕ್ಷತ್ರವಿದೆ, ಬಣ್ಣ ಬೂದು. ಆ ಬೂದು ಬಣ್ಣಕ್ಕೆ ಕಾರಣ ಫಾಸ್ಫೇಟ್ ಲೇಪ. ಪಶ್ಚಿಮ ಜರ್ಮನಿಯ ಸೇನೆಗಾಗಿ ವಾಲ್ಟರ್ ಕಂಪನಿ 1957ರಿಂದ ಅಲ್ಯುಮಿನಿಯಂ ಚೌಕಟ್ಟಿನ ಹೊಸ ಪಿಸ್ತೂಲು ಮಾಡಿತು. ಅದರ ಮೇಲೆ ಉಲ್ಮ್ ನಗರದ ಪರೀಕ್ಷಾಗೃಹದ ಗುರುತಾದ ಜಿಂಕೆ ಕೊಂಬು ಕಾಣುತ್ತದೆ.

ಯಾವುದು ಮೊದಲು, ಯಾವುದು ಆಮೇಲೆ?

ಸೋವಿಯತ್ ಒಕ್ಕೂಟ ಒಡೆದ ಮೇಲೆ ಆ ದಾಸ್ತಾನಿನ ಒಂದಷ್ಟು ಪಿಸ್ತೂಲುಗಳು ಸಂಗ್ರಹಕಾರರ ಮಾರುಕಟ್ಟೆಗೆ ಬಂದವು. ಎಲ್ಲ ಭಾಗಗಳ ಸಂಖ್ಯೆ ಒಂದೇ ಆಗಿದ್ದರೆ ಬೆಲೆ ಹೆಚ್ಚು. ಬೆಲೆ ಹೆಚ್ಚು ಅಂದ ಕೂಡಲೇ ಮೋಸವೂ ಹುಟ್ಟುತ್ತದೆ. ಕೆಲವರು ಸೋವಿಯತ್ ಗುರುತನ್ನು ಉಜ್ಜಿ ತೆಗೆದು, ಹೊಸ ಸಂಖ್ಯೆ ಒತ್ತಿ, 'ಮೂಲ ಪ್ರತಿ' ಅಂತ ಮಾರುತ್ತಾರೆ. ಇಲ್ಲಿ ರಸಾಯನಶಾಸ್ತ್ರ ಕೆಲಸಕ್ಕೆ ಬರುತ್ತದೆ.

ಉಕ್ಕಿಗೆ ತುಕ್ಕು ಹಿಡಿಯದಿರಲಿ ಅಂತ ಅದನ್ನು ಸೋಡಿಯಂ ಹೈಡ್ರಾಕ್ಸೈಡ್ ಮತ್ತು ನೈಟ್ರೇಟ್ ಲವಣದ ಕುದಿಯುವ ದ್ರಾವಣದಲ್ಲಿ ಅದ್ದುತ್ತಾರೆ. ಮೇಲ್ಮೈಯ ಕಬ್ಬಿಣ ಮ್ಯಾಗ್ನಟೈಟ್ ಎಂಬ ಕಪ್ಪು ಆಕ್ಸೈಡ್ ಆಗುತ್ತದೆ. ತುಕ್ಕೂ ಆಕ್ಸೈಡೇ, ಇದೂ ಆಕ್ಸೈಡೇ. ಆದರೆ ತುಕ್ಕು ಉದುರುತ್ತದೆ, ಇದು ಅಂಟಿಕೊಂಡು ಕಾಪಾಡುತ್ತದೆ.

ಈಗ ಯೋಚಿಸಿ. ಅಕ್ಷರ ಒತ್ತಿ ಆಮೇಲೆ ಅದ್ದಿದರೆ ಅಕ್ಷರದ ತಳವೂ ಕಪ್ಪು. ಅದ್ದಿ ಆಮೇಲೆ ಒತ್ತಿದರೆ ಕಪ್ಪು ಪದರ ಒಡೆದು ಬಿಳಿ ಲೋಹ ಕಾಣುತ್ತದೆ, ಅಂಚಿನಲ್ಲಿ ಲೋಹ ಉಬ್ಬಿರುತ್ತದೆ. ಒತ್ತಿ, ಉಜ್ಜಿ, ಮತ್ತೆ ಅದ್ದಿದರೆ ಅಕ್ಷರದ ಅಂಚು ಮೊಂಡಾಗಿ, ಆಳ ಕಡಿಮೆಯಾಗಿರುತ್ತದೆ. ಭೂತಗನ್ನಡಿ ಒಂದಿದ್ದರೆ ಈ ಕ್ರಮ ಓದಬಹುದು. ಬಂಡೆಯ ಪದರ ನೋಡಿ ಯಾವುದು ಹಳೇದು ಅಂತ ಭೂವಿಜ್ಞಾನಿ ಹೇಳುವುದೂ ಇದೇ ತರ್ಕದಿಂದ.

ಅಳಿಸಿದರೂ ಉಳಿಯುವುದು

ಪೂರ್ತಿ ಉಜ್ಜಿ ತೆಗೆದ ಸಂಖ್ಯೆಯೂ ಎಷ್ಟೋ ಸಲ ಸಿಗುತ್ತದೆ. ಅಚ್ಚನ್ನು ಸುತ್ತಿಗೆಯಿಂದ ಹೊಡೆದಾಗ ಕಾಣುವ ತಗ್ಗಿನ ಕೆಳಗೂ ಲೋಹದ ಹರಳುಗಳ ಜೋಡಣೆ ಕೆಡುತ್ತದೆ. ತಗ್ಗನ್ನು ಉಜ್ಜಿದರೂ ಕೆಟ್ಟ ಹರಳು ಕೆಳಗೆ ಹಾಗೇ ಇರುತ್ತದೆ. ನ್ಯಾಯವಿಜ್ಞಾನ ಪ್ರಯೋಗಾಲಯದಲ್ಲಿ ತಾಮ್ರದ ಕ್ಲೋರೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬೆರೆತ ದ್ರಾವಣ ಸವರಿದಾಗ, ಕೆಟ್ಟ ಹರಳಿನ ಜಾಗ ಸುತ್ತಲಿನ ಲೋಹದ ಹಾಗೆ ಕರಗದೆ ಬೇರೆ ವೇಗದಲ್ಲಿ ಕರಗುತ್ತದೆ. ಆಗ ಅಳಿಸಿದ ಅಂಕಿ ಮಸುಕಾಗಿ ಎದ್ದು ಕಾಣುತ್ತದೆ. ತೀರ ಆಳಕ್ಕೆ ಉಜ್ಜಿದ್ದರೆ ಮಾತ್ರ ಸಿಗುವುದಿಲ್ಲ. ಕದ್ದ ಬೈಕಿನ ಚಾಸಿ ನಂಬರ್ ಹುಡುಕುವುದೂ ಇದೇ ವಿಧಾನದಿಂದ.

ಅದಕ್ಕೇ ಬಲ್ಲ ಸಂಗ್ರಹಕಾರರು ಹಳೆಯ ವಸ್ತುವನ್ನು ಹೊಳಪು ಮಾಡುವುದಿಲ್ಲ. ಗೆರೆ ಹೊಡೆದ ಸಂಖ್ಯೆ, ಸೊಟ್ಟ ಬರಹ, ಬೇರೆ ಕಡೆಯಿಂದ ಬಂದ ಭಾಗ ಇವೆಲ್ಲ ದೋಷವಲ್ಲ, ಸಾಕ್ಷಿ. ಅದನ್ನು ಉಜ್ಜಿದರೆ ಇತಿಹಾಸದ ಒಂದು ಪುಟ ಹರಿದಂತೆ.

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಪಿಸ್ತೂಲು ಇಟ್ಟುಕೊಳ್ಳುವುದು ಅಪರಾಧ. ನಮಗೆ ಸಂಗ್ರಹಾಲಯ, ಚಿತ್ರಗಳು ಸಾಕು. ಎಲ್ಲಾದರೂ ಹಳೇ ಆಯುಧ ಕಂಡರೆ ಮುಟ್ಟದೆ ದೊಡ್ಡವರಿಗೆ ಹೇಳಿ.

ನೀವೂ ಮಾಡಿ ನೋಡಿ

1. ಮನೆಯಲ್ಲಿರುವ ನಾಣ್ಯಗಳಲ್ಲಿ ಇಸವಿಯ ಕೆಳಗೆ ನೋಡಿ. ವಜ್ರದಾಕಾರ ಇದ್ದರೆ ಮುಂಬೈ, ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಟಂಕಸಾಲೆ. ಹತ್ತು ನಾಣ್ಯದ ಪಟ್ಟಿ ಮಾಡಿ.

2. ಅಲ್ಯುಮಿನಿಯಂ ಪಟ್ಟಿಯ ಮೇಲೆ ಮೊಳೆಯಿಂದ ಒಂದು ಗುರುತು ಹೊಡೆಯಿರಿ. ಇಡೀ ಪಟ್ಟಿಗೆ ಕಪ್ಪು ಬಣ್ಣ ಬಳಿದು ಒಣಗಿಸಿ. ಪಕ್ಕದಲ್ಲಿ ಇನ್ನೊಂದು ಗುರುತು ಹೊಡೆಯಿರಿ. ಸುತ್ತಿಗೆ ಹಿಡಿಯುವಾಗ ಶಿಕ್ಷಕರು ಜೊತೆಗಿರಲಿ. ಈಗ ಪಟ್ಟಿಯನ್ನು ಗೆಳೆಯನ ಕೈಗೆ ಕೊಟ್ಟು, ಯಾವುದು ಮೊದಲಿನದು ಅಂತ ಕೇಳಿ. ಉತ್ತರ ಅಷ್ಟೇ ಸಾಲದು, ಕಾರಣವನ್ನೂ ಹೇಳಬೇಕು.

ಪ್ರಶ್ನೆ ಕೇಳಿದ ನಮ್ಮ ಹುಡುಗ ಈ ಪ್ರಯೋಗ ಮಾಡಿ ಹೇಳಿದ್ದು ಇಷ್ಟು: "ಸರ್, ಸುಳ್ಳು ಬರದ್ರೂ ಲೋಹ ಖರೇನ ಹೇಳ್ತದ್ರಿ." ಓದಲು ಕಲಿತವರಿಗೆ ಮಾತ್ರ ಅಂತ ನಾನು ಸೇರಿಸಿದೆ.