ಅಪ್‌ಡೇಟ್ ನಂತರ ಏಳದ ಲ್ಯಾಪ್‌ಟಾಪ್: ಲೆಕ್ಕಪತ್ರ ಉಳಿಸಿಕೊಳ್ಳುವ ಬಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳ ಅಕ್ಕಿ ಗಿರಣಿ, ಬೆಲ್ಲದ ಮಂಡಿ, ಗೊಬ್ಬರದ ಅಂಗಡಿಗಳಲ್ಲಿ ಖಾತೆ ಪುಸ್ತಕದ ಸ್ಥಾನಕ್ಕೆ ಲ್ಯಾಪ್‌ಟಾಪ್ ಬಂದು ವರ್ಷಗಳೇ ಸಂದಿವೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಿತು. 2018ರ ಏಪ್ರಿಲ್ 1ರಂದು ರಾಜ್ಯದೊಳಗಿನ ಸರಕು ಸಾಗಣೆಗೂ ಇ-ವೇ ಬಿಲ್ ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕವೇ ಆಯಿತು. ಹೀಗೆ ವಹಿವಾಟೆಲ್ಲ ಗಣಕಯಂತ್ರವನ್ನೇ ನೆಚ್ಚಿಕೊಂಡಿರುವಾಗ, ರಾತ್ರಿ ಅಪ್‌ಡೇಟ್ ಪಡೆದ ಯಂತ್ರ ಬೆಳಿಗ್ಗೆ ಏಳದೆ ಹೋದರೆ ವರ್ತಕರು ಗಾಬರಿಗೊಳ್ಳುವುದು ಸಹಜ. 'ಫಾರ್ಮ್ಯಾಟ್ ಮಾಡಿಸಿಬಿಡಿ' ಎಂಬ ಸಲಹೆಯೂ ಕೂಡಲೇ ದೊರೆಯುತ್ತದೆ. ಆದರೆ ಅಪ್‌ಡೇಟ್ ಮಾಡುವ ಹಾನಿಗಿಂತ ಈ ಆತುರದ ಸಲಹೆ ಮಾಡುವ ಹಾನಿಯೇ ಬಹುಮಟ್ಟಿಗೆ ದೊಡ್ಡದು.

ಒಂದು ಕಡತ, 85 ಲಕ್ಷ ಯಂತ್ರ

ಇದಕ್ಕೆ 2024ರ ಜುಲೈ 19ರ ಘಟನೆ ಒಳ್ಳೆಯ ನಿದರ್ಶನ. ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಭದ್ರತಾ ತಂತ್ರಾಂಶ ಕಂಪನಿ ಕಳುಹಿಸಿದ ದೋಷಪೂರಿತ ಅಪ್‌ಡೇಟ್‌ನಿಂದ ವಿಶ್ವದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿ ನಿಂತುಹೋದವು ಎಂದು ಮೈಕ್ರೋಸಾಫ್ಟ್ ಅಂದಾಜಿಸಿತು. ಅಂದು ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕೆಲವು ವಿಮಾನ ಸಂಸ್ಥೆಗಳ ಸೇವೆ ಅಸ್ತವ್ಯಸ್ತಗೊಂಡಿತು. ದೇಶದ ಹಲವು ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು.

ಕಂಪನಿ ಒಂದೂವರೆ ಗಂಟೆಯೊಳಗೆ ದೋಷವನ್ನು ಹಿಂಪಡೆಯಿತಾದರೂ, ಅಷ್ಟರಲ್ಲಿ ನಿಂತುಹೋಗಿದ್ದ ಬಹುಪಾಲು ಯಂತ್ರಗಳನ್ನು ಒಂದೊಂದಾಗಿ ಸರಿಪಡಿಸಬೇಕಾಯಿತು. ಚಿಕಿತ್ಸೆ ಮಾತ್ರ ಸರಳವಾಗಿತ್ತು: 'ಸೇಫ್ ಮೋಡ್'ನಲ್ಲಿ ಯಂತ್ರ ಚಾಲೂ ಮಾಡಿ ದೋಷವಿದ್ದ ಒಂದು ಕಡತವನ್ನು ಅಳಿಸುವುದು. ಇದಕ್ಕೆ ಫಾರ್ಮ್ಯಾಟ್ ಬೇಕಿರಲಿಲ್ಲ. ತೊಂದರೆಗೆ ಸಿಲುಕಿದವರು, ಡಿಸ್ಕ್‌ಗೆ ಗೂಢಲಿಪಿಯ ಬೀಗವಿದ್ದು ಅದರ ಕೀಲಿ ಕೈಗೆ ಸಿಗದಿದ್ದವರು. ಸಣ್ಣ ಅಂಗಡಿಯ ಲ್ಯಾಪ್‌ಟಾಪ್‌ಗೂ ಈ ಪಾಠ ಅನ್ವಯಿಸುತ್ತದೆ.

ಮೊದಲು ಮಾಡಬೇಕಾದದ್ದು

ಪರದೆಯ ಮೇಲೆ ಶೇಕಡಾವಾರು ಅಂಕಿ ಏರುತ್ತಿದ್ದರೆ ಚಾರ್ಜರ್ ಜೋಡಿಸಿ ಕಾಯುವುದೇ ಸರಿ. ಹಳೆಯ ಯಂತ್ರಗಳಲ್ಲಿ ಈ ಕೆಲಸಕ್ಕೆ ಗಂಟೆಗಟ್ಟಲೆ ಹಿಡಿಯಬಹುದು. ಕೆಲವು ಗಂಟೆ ಕಳೆದರೂ ಯಾವ ಬದಲಾವಣೆಯೂ ಕಾಣದಿದ್ದರೆ ಮಾತ್ರ ಪವರ್ ಗುಂಡಿಯನ್ನು ಹತ್ತು ಸೆಕೆಂಡಿಗೂ ಹೆಚ್ಚು ಒತ್ತಿ ಹಿಡಿದು ಆರಿಸಬೇಕು. ಬಳಿಕ ಪೆನ್ ಡ್ರೈವ್, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್ ಮೊದಲಾದವನ್ನು ಕಳಚಿ ಮತ್ತೆ ಚಾಲೂ ಮಾಡಬೇಕು.

ದೀಪವೂ ಹೊತ್ತಿಕೊಳ್ಳದಿದ್ದರೆ ಮೊದಲು ಚಾರ್ಜರ್, ಬ್ಯಾಟರಿಗಳನ್ನು ಪರೀಕ್ಷಿಸಬೇಕು. ಯಂತ್ರ ಎದ್ದು ಪರದೆ ಮಾತ್ರ ಕಪ್ಪಾಗಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಪರದೆಯ ಚಾಲಕ ತಂತ್ರಾಂಶ ಮರುಚಾಲನೆಗೊಳ್ಳುತ್ತದೆ. ಕೆಲವೊಮ್ಮೆ ಇಷ್ಟರಿಂದಲೇ ಪರದೆ ಮರಳುವುದುಂಟು.

ಲಾಂಛನ ತೋರಿ ಮುಂದೆ ಸಾಗದಿದ್ದಲ್ಲಿ, ಆರಂಭ ಹಲವು ಬಾರಿ ವಿಫಲವಾದ ಮೇಲೆ ವಿಂಡೋಸ್ ತಾನಾಗಿಯೇ ದುರಸ್ತಿ ಪರದೆಗೆ ಹೋಗುತ್ತದೆ. ಅಲ್ಲಿ 'ಟ್ರಬಲ್‌ಶೂಟ್', ನಂತರ 'ಅಡ್ವಾನ್ಸ್ಡ್ ಆಪ್ಷನ್ಸ್' ಆಯ್ಕೆ ಮಾಡಬೇಕು. ಮೊದಲು 'ಸ್ಟಾರ್ಟಪ್ ರಿಪೇರ್', ಫಲಿಸದಿದ್ದರೆ 'ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್', ಅದೂ ಫಲಿಸದಿದ್ದರೆ 'ಸಿಸ್ಟಮ್ ರಿಸ್ಟೋರ್' ಎಂಬ ಕ್ರಮವನ್ನು ಅನುಸರಿಸುವುದು ಕ್ಷೇಮ. ಈ ಮೂರೂ ಲೆಕ್ಕದ ಕಡತಗಳನ್ನು ಅಳಿಸುವಂಥವಲ್ಲ. 'ರಿಸೆಟ್' ಹಾಗಲ್ಲ, 'ಕಡತಗಳನ್ನು ಉಳಿಸು' ಎಂದು ಸೂಚಿಸಿದರೂ ಲೆಕ್ಕದ ತಂತ್ರಾಂಶವನ್ನು ಅದು ತೆಗೆದುಹಾಕುತ್ತದೆ. ಆದ್ದರಿಂದ ಅದು ಕೊನೆಯ ಉಪಾಯವಾಗಿರಲಿ.

48 ಅಂಕಿಗಳ ಕೀಲಿ

ಕೆಲವೊಮ್ಮೆ ಅಪ್‌ಡೇಟ್ ನಂತರ 'ಬಿಟ್‌ಲಾಕರ್' ಕೀಲಿ ಕೇಳುವ ಪರದೆ ಎದುರಾಗುತ್ತದೆ. ಇತ್ತೀಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯ ಮೂಲಕ ಪ್ರವೇಶಿಸಿದೊಡನೆ ಡಿಸ್ಕ್ ತಾನಾಗಿಯೇ ಗೂಢಲಿಪಿಗೊಳ್ಳುತ್ತದೆ. 48 ಅಂಕಿಗಳ ಕೀಲಿ ಆ ಖಾತೆಯಲ್ಲಿ ಸಂಗ್ರಹವಾಗುತ್ತದೆ. ಆ ಖಾತೆ ಯಾರದು ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಯಂತ್ರವನ್ನು ಅಂಗಡಿಯಲ್ಲಿ ಸಿದ್ಧಪಡಿಸಿಕೊಟ್ಟವರೋ, ಕೆಲಸ ಬಿಟ್ಟುಹೋದ ಗುಮಾಸ್ತರೋ ತಮ್ಮ ಮಿಂಚಂಚೆಯಿಂದ ಖಾತೆ ತೆರೆದಿದ್ದರೆ ಮಾಲೀಕರ ಲೆಕ್ಕದ ಕೀಲಿ ಪರರ ಕೈಯಲ್ಲಿ ಇದ್ದಂತೆ. ಕಳೆದುಹೋದ ಕೀಲಿಯನ್ನು ಮೈಕ್ರೋಸಾಫ್ಟ್ ಕೂಡ ಮರಳಿ ಸೃಷ್ಟಿಸಿಕೊಡಲಾರದು. ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಖಾತೆಯನ್ನು ಮಾಲೀಕರ ಹೆಸರಿಗೆ ಮಾಡಿಸಿ, ಕೀಲಿಯನ್ನು ಮುದ್ರಿಸಿ ಕಪಾಟಿನಲ್ಲಿ ಇಡುವುದು ಲೇಸು.

ಗಡುವು ಸಮೀಪಿಸಿದಾಗ

ಮೈಕ್ರೋಸಾಫ್ಟ್ ತನ್ನ ಭದ್ರತಾ ಅಪ್‌ಡೇಟ್‌ಗಳನ್ನು ಪ್ರತಿ ತಿಂಗಳ ಎರಡನೆಯ ಮಂಗಳವಾರ, ಅಂದರೆ 8ರಿಂದ 14ರೊಳಗಿನ ಒಂದು ದಿನ, ಬಿಡುಗಡೆ ಮಾಡುತ್ತದೆ. ಮಾಸಿಕ ವಿವರಪಟ್ಟಿ ಸಲ್ಲಿಸುವ ವರ್ತಕರಿಗೆ ಜಿಎಸ್‌ಟಿಆರ್-1ಕ್ಕೆ 11 ಹಾಗೂ ಜಿಎಸ್‌ಟಿಆರ್-3ಬಿಗೆ 20 ಗಡುವು. ಎರಡೂ ಒಂದೇ ಅವಧಿಯಲ್ಲಿ ಬರುವುದರಿಂದ, 'ಪಾಸ್ ಅಪ್‌ಡೇಟ್ಸ್' ಸೌಲಭ್ಯದಿಂದ ಅಪ್‌ಡೇಟ್‌ಗಳನ್ನು 20ರವರೆಗೆ ತಡೆಹಿಡಿದು, ವಿವರಪಟ್ಟಿ ಸಲ್ಲಿಸಿದ ಮೇಲೆ ಪಡೆಯುವುದು ಜಾಣತನ. ಹಾಗೆಂದು ಶಾಶ್ವತವಾಗಿ ತಡೆಯುವುದು ಸಲ್ಲದು. 2017ರ ಮೇ ತಿಂಗಳಿನಲ್ಲಿ ಜಗತ್ತನ್ನು ಕಾಡಿದ 'ವಾನ್ನಾಕ್ರೈ' ಕುತಂತ್ರಾಂಶಕ್ಕೆ ಪರಿಹಾರ ಅದೇ ಮಾರ್ಚ್‌ನಲ್ಲಿಯೇ ಬಂದಿತ್ತು. ಅದನ್ನು ಅಳವಡಿಸಿಕೊಳ್ಳದ ಯಂತ್ರಗಳು ಅದಕ್ಕೆ ಬಲಿಯಾದವು.

ಜಿಎಸ್‌ಟಿ ಹಾಗೂ ಇ-ವೇ ಬಿಲ್ ಜಾಲತಾಣಗಳನ್ನು ಬೇರೆ ಯಾವುದೇ ಗಣಕಯಂತ್ರದಿಂದಲೂ ಪ್ರವೇಶಿಸಬಹುದೆಂಬುದು ಸಮಾಧಾನದ ಸಂಗತಿ. ಅದಕ್ಕೆ ಗುಪ್ತಪದ ತಿಳಿದಿರಬೇಕು. ನೋಂದಾಯಿತ ಮೊಬೈಲ್ ಕೈಯಲ್ಲಿರಬೇಕು. ಕೆಟ್ಟ ಯಂತ್ರದೊಳಗೆ ಸಿಕ್ಕಿಬೀಳುವುದು ಖರೀದಿ, ಮಾರಾಟ, ಬಾಕಿಗಳ ಲೆಕ್ಕ ಮಾತ್ರ. ಅದರ ಪ್ರತಿ ಬೇರೆಡೆ ಇದ್ದರೆ ಅಂದಿನ ಕೆಲಸ ನಿಲ್ಲುವುದಿಲ್ಲ.

ಪ್ರತಿ ಇಡುವುದು ಜಾಣ್ಮೆಯಷ್ಟೇ ಅಲ್ಲ, ಕಾನೂನಿನ ಹೊಣೆಯೂ ಹೌದು. ವಾರ್ಷಿಕ ವಿವರಪಟ್ಟಿಯ ಗಡುವಿನಿಂದ 72 ತಿಂಗಳವರೆಗೆ ಲೆಕ್ಕಪತ್ರ ಉಳಿಸಿಕೊಳ್ಳಬೇಕೆಂದು ಜಿಎಸ್‌ಟಿ ಕಾಯ್ದೆಯ 36ನೇ ಕಲಂ ವಿಧಿಸುತ್ತದೆ. ವಿದ್ಯುನ್ಮಾನ ಲೆಕ್ಕಗಳು ಅವಘಡದಲ್ಲಿ ನಾಶವಾದರೂ ಸಮಂಜಸ ಅವಧಿಯಲ್ಲಿ ಮರಳಿ ಪಡೆಯುವಂತೆ ಅವುಗಳ ಪ್ರತಿ ಇಟ್ಟಿರಬೇಕೆಂದು 57ನೇ ನಿಯಮ ಹೇಳುತ್ತದೆ. ದಿನದ ವಹಿವಾಟು ಮುಗಿದಾಗ ಲೆಕ್ಕದ ಪ್ರತಿಯೊಂದನ್ನು ಹೊರಗಿನ ಡಿಸ್ಕ್‌ಗೆ ಇಳಿಸಿ, ಅದನ್ನು ಲ್ಯಾಪ್‌ಟಾಪ್‌ನಿಂದ ಕಳಚಿಡಲು ಐದು ನಿಮಿಷ ಸಾಕು. ಆ ಪ್ರತಿ ಬೇರೊಂದು ಯಂತ್ರದಲ್ಲಿ ತೆರೆಯುವುದೇ ಎಂದು ತಿಂಗಳಿಗೊಮ್ಮೆ ಪರೀಕ್ಷಿಸಿದರೆ, ಮೈಸೂರಿನ ಸೇವಾ ಕೇಂದ್ರದಿಂದ ಲ್ಯಾಪ್‌ಟಾಪ್ ಮರಳುವವರೆಗೂ ಅಂಗಡಿಯ ಬಾಗಿಲು ಎಂದಿನಂತೆ ತೆರೆದಿರುತ್ತದೆ.