ಹೆಡ್ ತೆಗೆಸಿದಷ್ಟೂ ಪಿಕಪ್ ಬರುತ್ತದೆಯೇ? – ಘನಫಲ ಪಾಠಕ್ಕೊಂದು ಉದಾಹರಣೆ

ಹತ್ತನೇ ತರಗತಿಯ ಘನಫಲ ಪಾಠಕ್ಕೆ ಬೈಕಿನ ಎಂಜಿನ್ನನ್ನು ಉದಾಹರಣೆಯಾಗಿ ಆರಿಸಿಕೊಂಡ ಪ್ರಶಿಕ್ಷಣಾರ್ಥಿಯೊಬ್ಬರ ಪಾಠವನ್ನು ಈಚೆಗೆ ವೀಕ್ಷಿಸಿದೆ. ಮಕ್ಕಳು ಆಸಕ್ತಿಯಿಂದ ಭಾಗವಹಿಸಿದರು. ಕೊನೆಯಲ್ಲಿ ಹುಡುಗನೊಬ್ಬ ಎದ್ದು, "ಮಿಸ್, ನಮ್ಮಣ್ಣ ಬೈಕಿಗೆ ಹೆಡ್ ಫೇಸಿಂಗ್ ಮಾಡಿಸ್ತಾನಂತೆ. ಜಾಸ್ತಿ ತೆಗೆಸಿದಷ್ಟೂ ಪಿಕಪ್ ಜಾಸ್ತಿ ಬರುತ್ತಾ?" ಎಂದು ಕೇಳಿದ. "ಹೌದು, ಬರುತ್ತೆ" ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಇಂಥ ಉತ್ತರ ತರಗತಿಯಲ್ಲೇ ಉಳಿಯುವುದಿಲ್ಲ. ಸಂಜೆ ಗ್ಯಾರೇಜಿಗೆ ಹೋಗುತ್ತದೆ. ಅದೇ ಪಾಠದ ಸೂತ್ರದಿಂದ ಸರಿಯಾದ ಉತ್ತರ ಕೊಡುವುದು ಹೇಗೆಂದು ನೋಡೋಣ.

ಹಿನ್ನೆಲೆ ಜ್ಞಾನ

ಸಿಲಿಂಡರಿನ ಮೇಲೆ ಮುಚ್ಚಳದಂತೆ ಕೂರುವ ಭಾಗವೇ ಹೆಡ್. ಅದಕ್ಕೆ ಎರಡು ಮುಖ್ಯ ಕೆಲಸ. ಒಂದು, ಪಿಸ್ಟನ್ ಮೇಲೆ ಬಂದಾಗ ಗಾಳಿ-ಪೆಟ್ರೋಲ್ ಮಿಶ್ರಣ ಒತ್ತಿಕೊಂಡು ಉರಿಯಲು ಜಾಗ ಕೊಡುವುದು. ಎರಡು, ವಾಲ್ವ್ ಮತ್ತು ಪೋರ್ಟುಗಳ ಮೂಲಕ ಎಂಜಿನ್ ಉಸಿರಾಡುವಂತೆ ಮಾಡುವುದು. ಹೆಡ್ಡಿನ ತಳವನ್ನು ತೆಳುವಾಗಿ ಕತ್ತರಿಸಿದರೆ ಉರಿಯುವ ಜಾಗ ಕಿರಿದಾಗಿ ಒತ್ತಡ ಹೆಚ್ಚುತ್ತದೆ. ಇದೇ ಹೆಡ್ ಫೇಸಿಂಗ್.

ಕಪ್ಪುಹಲಗೆಯ ಲೆಕ್ಕ

ಮಕ್ಕಳಿಗೆ ಪರಿಚಿತವಾದ ಸ್ಪ್ಲೆಂಡರ್ ಬೈಕಿನ ಅಳತೆ ತೆಗೆದುಕೊಳ್ಳಿ. ಬೋರ್ 50 ಮಿ.ಮೀ., ಸ್ಟ್ರೋಕ್ 49.5 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರ ಹಾಕಿದರೆ ಪಿಸ್ಟನ್ ಚಲಿಸುವ ಜಾಗ 97.2 ಘನ ಸೆಂ.ಮೀ. ಬರುತ್ತದೆ. ಸಂಪೀಡನ ಅನುಪಾತ 9:1 ಎಂದು ಇಟ್ಟುಕೊಳ್ಳೋಣ. ಆಗ ಪಿಸ್ಟನ್ನಿನ ಮೇಲೆ ಉಳಿಯುವ ಜಾಗ 97.2 ÷ 8 = 12.15 ಘನ ಸೆಂ.ಮೀ.

ಅರ್ಧ ಮಿಲಿಮೀಟರ್ ತೆಗೆದರೆ, ಆ ಜಾಗದ ಅಂಚು ಬೋರಿನಷ್ಟೇ ಅಗಲವಿದೆ ಎಂದುಕೊಂಡಾಗ, ಸುಮಾರು 0.98 ಘನ ಸೆಂ.ಮೀ. ಕಡಿಮೆಯಾಗುತ್ತದೆ. ಉಳಿಯುವುದು 11.17. ಹೊಸ ಅನುಪಾತ ಸುಮಾರು 9.7:1. ಪೂರ್ತಿ ಒಂದು ಮಿಲಿಮೀಟರ್ ತೆಗೆದರೆ ಸುಮಾರು 10.5:1. ಮೊದಲ ಅರ್ಧಕ್ಕಿಂತ ಎರಡನೆಯ ಅರ್ಧ ಅನುಪಾತವನ್ನು ಹೆಚ್ಚು ಏರಿಸಿತು ಎಂಬುದನ್ನು ಮಕ್ಕಳೇ ಗುರುತಿಸಲಿ.

ಹಾಗಾದರೆ ಶಕ್ತಿ?

ಆದರ್ಶ ಎಂಜಿನ್ನಿನ ಸೂತ್ರದ ಪ್ರಕಾರ 9:1ರಲ್ಲಿ ದಕ್ಷತೆ ಶೇ. 58.5; 9.7:1ರಲ್ಲಿ ಶೇ. 59.7. ಅಂದರೆ ಅರ್ಧ ಮಿಲಿಮೀಟರಿಗೆ ಸಿಗುವ ಲಾಭ ನೂರಕ್ಕೆ ಎರಡರಷ್ಟು. ನಿಜವಾದ ಎಂಜಿನ್ನಿನ ದಕ್ಷತೆ ಇದಕ್ಕಿಂತ ಬಹಳ ಕಡಿಮೆ. ಅನುಪಾತ ಮಿತಿಮೀರಿದರೆ ಜ್ವಾಲೆ ತಲುಪುವ ಮೊದಲೇ ಮಿಶ್ರಣದ ಒಂದು ಭಾಗ ತಾನಾಗಿ ಹೊತ್ತಿಕೊಂಡು ಎಂಜಿನ್ ಕಟಕಟ ಎನ್ನುತ್ತದೆ. ಇದು ನಾಕಿಂಗ್. ಮುಂದುವರಿದರೆ ಪಿಸ್ಟನ್ನೇ ಹಾಳಾಗುತ್ತದೆ. ತೀರಾ ಹೆಚ್ಚು ತೆಗೆದರೆ ವಾಲ್ವಿಗೆ ಪಿಸ್ಟನ್ ತಗಲುವ ಅಪಾಯವೂ ಉಂಟು.

ಹೆಚ್ಚಿನ ಶಕ್ತಿಯ ಗುಟ್ಟು ಇರುವುದು ಹೆಡ್ಡಿನ ಎರಡನೆಯ ಕೆಲಸದಲ್ಲಿ, ಅಂದರೆ ಉಸಿರಾಟದಲ್ಲಿ. ಇದಕ್ಕೂ ಒಂದು ಸುಲಭ ಲೆಕ್ಕವಿದೆ. ವ್ಯಾಸ D ಇರುವ ವಾಲ್ವ್ L ಎತ್ತರ ತೆರೆದಾಗ ಗಾಳಿಗೆ ಸಿಗುವ ದಾರಿ πDL. ವಾಲ್ವಿನ ವೃತ್ತದ ವಿಸ್ತೀರ್ಣ πD²/4. ಎರಡೂ ಸಮನಾಗುವುದು L = D/4 ಆದಾಗ. ಅದಕ್ಕಿಂತ ಕಡಿಮೆ ತೆರೆದಿರುವಾಗ ಗಾಳಿಯನ್ನು ತಡೆಯುವುದು ಮುಖ್ಯವಾಗಿ ವಾಲ್ವ್ ಮತ್ತು ಸೀಟಿನ ನಡುವಿನ ಸಂದು. ಆದ್ದರಿಂದ ಪೋರ್ಟನ್ನು ಸುಮ್ಮನೆ ದೊಡ್ಡದು ಮಾಡಿದರೆ ಫಲವಿಲ್ಲ. ಗಾಳಿಯ ವೇಗ ಕುಗ್ಗಿ, ಊರೊಳಗಿನ ನಿಧಾನ ಓಟದಲ್ಲಿ ಎಳೆತವೇ ತಗ್ಗಬಹುದು. ಹಳೆಯ ಬೈಕಿಗೆ ಕಾರ್ಬನ್ ತೆಗೆಸಿ, ವಾಲ್ವ್ ಸೀಟಿನಲ್ಲಿ ಸೋರದಂತೆ ಗ್ರೈಂಡಿಂಗ್ ಮಾಡಿಸಿದರೆ ಕಳೆದುಹೋದ ಶಕ್ತಿ ಮರಳುತ್ತದೆ.

ಪ್ರಶಿಕ್ಷಣಾರ್ಥಿಗಳಿಗೆ

ನಿತ್ಯಜೀವನದ ಉದಾಹರಣೆ ಆರಿಸಿದಾಗ ಅದರ ಮಿತಿಯನ್ನೂ ಪಾಠಯೋಜನೆಯಲ್ಲಿ ಬರೆದುಕೊಳ್ಳಿ. ಗೊತ್ತಿಲ್ಲದ ಪ್ರಶ್ನೆ ಬಂದರೆ "ನಾಳೆ ಲೆಕ್ಕ ಮಾಡಿ ನೋಡೋಣ" ಎನ್ನುವುದರಲ್ಲಿ ಅಂಕ ಹೋಗುವುದಿಲ್ಲ. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆ ನಿರ್ಬಂಧಿಸುತ್ತದೆ ಎಂಬುದನ್ನೂ ತಿಳಿಸಿ.

ಆ ಪ್ರಶಿಕ್ಷಣಾರ್ಥಿ ಮರುದಿನ ಅದೇ ತರಗತಿಗೆ ಹೋಗಿ, "ನಿನ್ನೆ ನಾನು ಹೇಳಿದ್ದು ಪೂರ್ತಿ ಸರಿಯಲ್ಲ" ಎಂದು ಆರಂಭಿಸಿ ಈ ಲೆಕ್ಕ ಮಾಡಿಸಿದರು. ಅಣ್ಣನಿಗೆ ತೋರಿಸಬೇಕೆಂದು ಆ ಹುಡುಗ ಲೆಕ್ಕವನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡ. ನಾನು ವೀಕ್ಷಿಸಿದ ಅವರ ಪಾಠಗಳಲ್ಲಿ ಅದೇ ಉತ್ತಮವಾದುದು.