ಹಲಗೆಗಳ ಪ್ರಯಾಣ

ತುಮಕೂರಿನಿಂದ ಗುಬ್ಬಿ, ಕುಣಿಗಲುಗಳಿಗೆ ಬೀರುವಿನ ಸಾಮಾನು ಹೊತ್ತೊಯ್ಯುವ ಸಣ್ಣ ವ್ಯಾನುಗಳಲ್ಲಿ ಹಲಗೆಗಳ ಮೇಲೆಯೇ ಬಡಗಿಯನ್ನು ಕುಳ್ಳಿರಿಸಿರುವುದನ್ನು ನಾವು ಕಂಡಿದ್ದೇವೆ. ಅವು ಜಾರದಂತೆ ಹಿಡಿದುಕೊಳ್ಳಲು ಆತನಂತೆ! ಎಂಟಡಿ ಉದ್ದ, ನಾಲ್ಕಡಿ ಅಗಲ, 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆಯೊಂದರ ತೂಕ ಸುಮಾರು 30 ಕಿಲೋ. ಇಪ್ಪತ್ತಾದರೆ ಆರು ಕ್ವಿಂಟಲು. ಥಟ್ಟನೆ ಬ್ರೇಕು ಹಾಕಿದರೆ ಗಾಡಿ ನಿಂತೀತು, ರಾಶಿ ನಿಲ್ಲದು. ಅದನ್ನು ಮನುಷ್ಯನ ಕೈ ತಡೆಯುವುದೆಂತು?

ಹಲಗೆಗಳನ್ನು ತಳದಲ್ಲಿ ಮಟ್ಟಸವಾಗಿ, ಮುಂಗಡೆಯ ತಡೆಗೆ ಒತ್ತಿ ಮಲಗಿಸಿ, ಎರಡು ಕಡೆ ಅಡ್ಡಲಾಗಿ ಬಿಗಿಯಬೇಕು. ಅಂಚಿಗೆ ಗೋಣಿತಾಟು ಕೊಟ್ಟರೆ ಹಗ್ಗವೂ ಸವೆಯದು, ಹಲಗೆಯ ಮೂಲೆಯೂ ಮುಕ್ಕಾಗದು. ಗಾಜನ್ನು ಮಾತ್ರ ನಿಲ್ಲಿಸಿಯೇ ಒಯ್ಯಬೇಕು. ಹಲಗೆ ಗಾಡಿಯಿಂದ ಹೊರಚಾಚಿದರೆ ಕೆಂಪು ಬಟ್ಟೆ ಕಟ್ಟಿ ಸಮಾಧಾನಪಡುವುದಕ್ಕಿಂತ ದೊಡ್ಡ ಗಾಡಿಯನ್ನೇ ಕರೆಸುವುದು ಲೇಸೆಂದು ನಮ್ಮ ಅಭಿಪ್ರಾಯ. ಬಡಗಿಯು ಬಸ್ಸಿನಲ್ಲಿ ಬರಲಿ. ಗುಬ್ಬಿಗೆ ಸುಮಾರು 20 ಕಿಲೋಮೀಟರು, ಆ ಚಾರ್ಜನ್ನು ಮನೆ ಕಟ್ಟಿಸುವ ಗೃಹಸ್ಥರೇ ಕೊಡಲಿ.